ಬಣ್ಣ ಬಳಿಯೋಕೆ ಮುಂಚೆ ಕೇಬಲ್ ಎಳೀರಿ

ನಮಸ್ಕಾರ. ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡೋದು ನನ್ನ ಕಸುಬು. ನನಗೆ ಫೋನ್ ಬರೋದು ಯಾವಾಗ ಗೊತ್ತಾ? ಫಾಲ್ಸ್ ಸೀಲಿಂಗ್ ಮುಚ್ಚಿ, ಗೋಡೆಗೆ ಎರಡನೇ ಕೋಟ್ ಬಣ್ಣ ಆಗಿ, ಟೇಬಲ್ ಕುರ್ಚಿ ಎಲ್ಲ ಬಂದು ಕೂತಮೇಲೆ. "ಸರ್, ಇಂಟರ್‌ನೆಟ್ ವೈರ್ ಒಂದು ಎಳೆದುಕೊಟ್ಟುಬಿಡಿ." ಅಷ್ಟೊತ್ತಿಗೆ ಗೋಡೆ ಒಡೆಯೋ ಹಾಗಿಲ್ಲ, ಪೈಪಲ್ಲಿ ಜಾಗ ಇಲ್ಲ.

ಮೊದಲು ಒಂದು ಆಫೀಸಿನ ಕತೆ ಹೇಳ್ತೀನಿ. ಜಯನಗರದಲ್ಲಿ ಒಬ್ಬ ಆಡಿಟರ್. 8 ಜನ ಇದ್ದ ಆಫೀಸು 20 ಜನ ಆಯ್ತು. ಮೂಲೆ ಟೇಬಲ್ಲಿನ ಹುಡುಗಿ ಕಂಪ್ಯೂಟರಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮಾತ್ರ ಆಮೆ ಥರ. ಕಂಪ್ಯೂಟರ್ ಬದಲಾಯಿಸಿದ್ರು, ರ‍್ಯಾಮ್ ಹಾಕಿಸಿದ್ರು, ಟ್ಯಾಲಿ ತೆಗೆದು ಮತ್ತೆ ಹಾಕಿದ್ರು. ಮೂರು ತಿಂಗಳು ಹೀಗೇ ಕಳೀತು. ಪ್ರತಿ ತಿಂಗಳು 20ನೇ ತಾರೀಕು ಜಿಎಸ್‌ಟಿ ಗಡಿಬಿಡಿಯಲ್ಲಿ ಬೈಗುಳ ತಿಂದಿದ್ದು ಆ ಹುಡುಗಿ. ಅವಳ ಕೈ ನಿಧಾನ ಅಂತ.

ನಾನು ಹೋಗಿ ನೋಡ್ತೀನಿ, ಉಳಿದವರಿಗೆಲ್ಲ ನೆಟ್‌ವರ್ಕ್ ಲಿಂಕಿನ ವೇಗ 1000 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಅವಳಿಗೆ 100. ಗೋಡೆಯ ಬಾಕ್ಸ್ ಬಿಚ್ಚಿದೆ. ಕೇಬಲ್ ಮೇಲಿನ ಸಿಪ್ಪೆ ಎರಡು ಇಂಚು ಸುಲಿದಿದ್ರು. ಜಾಕ್‌ಗೆ ಎಳೆಗಳನ್ನ ಪಂಚಿಂಗ್ ಟೂಲ್ ಬದಲು ಸ್ಕ್ರೂಡ್ರೈವರ್‌ನಿಂದ ಒತ್ತಿದ್ರು. ಕಂದು ಬಣ್ಣದ ಎಳೆ ಕಿತ್ತು ಈಚೆ ನಿಂತಿತ್ತು. ಆ ಕೇಬಲಲ್ಲಿ 4 ಜೋಡಿ, 8 ಎಳೆ. 1000 ವೇಗಕ್ಕೆ ಎಂಟೂ ಬೇಕು, 100ಕ್ಕೆ ಕಿತ್ತಳೆ, ಹಸಿರು ಎರಡು ಜೋಡಿ ಸಾಕು. ಹಾಗಾಗಿ ಲಿಂಕ್ ಸಾಯಲಿಲ್ಲ, ದೀಪ ಉರೀತಾನೇ ಇತ್ತು, ಯಾರಿಗೂ ಅನುಮಾನ ಬರಲಿಲ್ಲ. ಸರಿಮಾಡೋಕೆ ಹಿಡಿದಿದ್ದು 10 ನಿಮಿಷ.

ಆ ಹುಡುಗಿ ಮುಖ ಈಗಲೂ ನೆನಪಿದೆ. ಕೇಬಲ್ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯೋದು ಅದಕ್ಕೇ.

ನೋಡಿ, ಕಂಪ್ಯೂಟರ್ ನಾಲ್ಕೈದು ವರ್ಷಕ್ಕೆ ಬದಲಾಗುತ್ತೆ. ಎಲ್ಲ ಕೇಬಲ್ ಬಂದು ಸೇರೋ ಡಬ್ಬಿ, ಅಂದ್ರೆ ಸ್ವಿಚ್, ಅದೂ ಬದಲಾಗುತ್ತೆ, ಇಂಟರ್‌ನೆಟ್ ಕೊಡೋ ಕಂಪನಿಯೂ ಬದಲಾಗುತ್ತೆ. ಗೋಡೆಯೊಳಗಿನ ಕೇಬಲ್ ಮಾತ್ರ ನೀವು ಆ ಕಟ್ಟಡ ಬಿಡೋವರೆಗೂ ಅಲ್ಲೇ ಇರುತ್ತೆ. ದುಡ್ಡು ಉಳಿಸೋಕೆ ಅದು ಜಾಗ ಅಲ್ಲ. ಒಂದು ಕೇಬಲ್ ಎಳೆಯೋವಾಗ ಪಕ್ಕದಲ್ಲಿ ಇನ್ನೊಂದು ಎಳೆದ್ರೆ ಹೆಚ್ಚೋದು ಬಹುತೇಕ ಕೇಬಲ್ಲಿನ ಬೆಲೆ. ಅದೇ ಎರಡನೇದನ್ನ ವರ್ಷ ಬಿಟ್ಟು ಎಳೆದ್ರೆ ಸೀಲಿಂಗ್ ಬಿಚ್ಚೋ ಕೂಲಿ, ಬಣ್ಣದ ಕೂಲಿ, ಒಂದು ದಿನದ ಕೆಲಸ ಎಲ್ಲ ಹೋಗುತ್ತೆ. ಅದಕ್ಕೇ ಪ್ರತಿ ಟೇಬಲ್ಲಿಗೆ ಎರಡು ಪಾಯಿಂಟ್ ಅಂತೀನಿ. ಪೈಪನ್ನ ಅರ್ಧಕ್ಕಿಂತ ಕಮ್ಮಿ ತುಂಬಿಸಿ, ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಅದಕ್ಕೆ ಕಟ್ಟಿ ಹೊಸ ಕೇಬಲ್ ಎಳೆಯೋನು ನಿಮ್ಮನ್ನ ನೆನೀತಾನೆ.

"ವೈಫೈ ಇದೆಯಲ್ಲ, ಕೇಬಲ್ ಯಾಕೆ?" ಅಂತಾರೆ. ಸೀಲಿಂಗಲ್ಲಿ ಕೂತ ವೈಫೈ ಡಬ್ಬಿಗೂ ಡೇಟಾ, ಕರೆಂಟು ಎರಡೂ ಬರೋದು ಅದೇ ಕೇಬಲಲ್ಲೇ. ಕೇಬಲ್ಲಿನ ದರ್ಜೆಗೆ ಕ್ಯಾಟ್ ಅಂತಾರೆ. ಟೇಬಲ್ಲಿಗೆ ಕ್ಯಾಟ್ 6 ಸಾಕು, ಸೀಲಿಂಗಿಗೆ ಕ್ಯಾಟ್ 6ಎ ಹಾಕಿ ಅನ್ನೋದು ನನ್ನ ಅಭಿಪ್ರಾಯ. 10 ಗಿಗಾಬಿಟ್ ವೇಗ, ಅಂದ್ರೆ 10,000 ಎಂಬಿಪಿಎಸ್, ಕ್ಯಾಟ್ 6ರಲ್ಲಿ ಹೆಚ್ಚಂದ್ರೆ 55 ಮೀಟರ್ ಹೋಗುತ್ತೆ, 6ಎಯಲ್ಲಿ ಪೂರ್ತಿ 100 ಮೀಟರ್. 6ಎ ದಪ್ಪ ಜಾಸ್ತಿ, ಪೈಪ್ ತರೋವಾಗಲೇ ಲೆಕ್ಕ ಹಾಕಿ.

ಆ 100 ಮೀಟರ್ ಅನ್ನೋದೂ ನೆಲದ ಮೇಲೆ ಅಳೆಯೋ ದೂರ ಅಲ್ಲ. ಸ್ವಿಚ್ ಕೂರಿಸೋ ರ‍್ಯಾಕಿಂದ ಮೇಲೆ ಹತ್ತಿ, ಸುತ್ತಿ ಬಳಸಿ, ಟೇಬಲ್ಲಿಗೆ ಇಳಿಯೋದೆಲ್ಲ ಸೇರಿ ಗೋಡೆಯೊಳಗೆ 90, ಎರಡು ತುದಿಯಲ್ಲಿ ಸಿಕ್ಕಿಸೋ ಗಿಡ್ಡ ಕೇಬಲ್, ಅಂದ್ರೆ ಪ್ಯಾಚ್ ಕಾರ್ಡ್‌ಗಳಿಗೆ 10. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮುಂದೆ ಆಫೀಸು, ಹಿಂದೆ ಇನ್ನೊಂದು ಶೆಡ್ಡು ಇರುತ್ತೆ. ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಬೇಡವೇ ಬೇಡ, ಫೈಬರ್ ಹಾಕಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯಲ್ಲ. ತಾಮ್ರ ಎಳೆದ ಕಡೆ ಮಳೆಗಾಲದ ಸಿಡಿಲಿಗೆ ಎರಡೂ ಕಟ್ಟಡದ ಸ್ವಿಚ್ಚೂ ಒಟ್ಟಿಗೆ ಸುಟ್ಟಿದ್ದನ್ನ ನಾನೇ ನೋಡಿದ್ದೀನಿ.

ಇನ್ನು ಮೋಸದ ಮಾತು. 305 ಮೀಟರಿನ ಬಾಕ್ಸ್, ಮೇಲೆ ಕ್ಯಾಟ್ 6 ಅಂತಲೇ ಬರೆದಿರುತ್ತೆ, ಬೆಲೆ ಮಾತ್ರ ತುಂಬಾ ಕಮ್ಮಿ. ಎತ್ತಿ ನೋಡಿ, ಹಗುರ. ಬ್ಲೇಡಲ್ಲಿ ಒಂದು ಎಳೆ ಕೆರೆದು ನೋಡಿ, ಕೆಂಪು ಹೋಗಿ ಒಳಗೆ ಬಿಳಿ ಕಾಣುತ್ತೆ. ತಾಮ್ರದ ತೊಗಲು ಹೊದ್ದ ಅಲ್ಯೂಮಿನಿಯಂ ಅದು. ನಾಲ್ಕು ಸಲ ಬಗ್ಗಿಸಿದ್ರೆ ಮುರಿಯುತ್ತೆ. ಕರೆಂಟಿಗೆ ತಡೆ ಜಾಸ್ತಿ, ಕೇಬಲಲ್ಲೇ ಕರೆಂಟು ತಗೊಳ್ಳೋ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿದ್ದು, ರಾತ್ರಿ ಅದರ ಇನ್‌ಫ್ರಾರೆಡ್ ದೀಪ ಹತ್ತಿದ ತಕ್ಷಣ ಆಫ್ ಆಗಿ ಆನ್ ಆಗ್ತಿರುತ್ತೆ. ಕ್ಯಾಮೆರಾ ಕೆಟ್ಟಿದೆ ಅಂತ ಬದಲಾಯಿಸ್ತಾರೆ ಪಾಪ.

ಎಲೆಕ್ಟ್ರಿಷಿಯನ್ ಒಳ್ಳೆಯವನೇ ಇರಬಹುದು, ಆದ್ರೆ 230 ವೋಲ್ಟ್ ಹರಿಯೋ ಪೈಪಲ್ಲೇ ಡೇಟಾ ಕೇಬಲ್ ತೂರಿಸೋಕೆ ಬಿಡಬೇಡಿ. ರ‍್ಯಾಕನ್ನ ಏಸಿ ಕೆಳಗೆ ಇಡಿಸಬೇಡಿ, ನೀರು ತೊಟ್ಟಿಕ್ಕಿದ ದಿನ ಇಡೀ ಆಫೀಸೇ ನಿಲ್ಲುತ್ತೆ.

ಕೊನೇ ಕಂತು ಕೊಡೋಕೆ ಮುಂಚೆ ಟೆಸ್ಟ್ ರಿಪೋರ್ಟ್ ಕೇಳಿ. ಎಂಟು ದೀಪ ಮಿನುಗೋ ಸಣ್ಣ ಡಬ್ಬಿ ತೋರಿಸಿ "ಎಲ್ಲ ಓಕೆ ಸರ್" ಅಂದ್ರೆ ಸಾಲದು. ಅದು ಎಳೆ ಸೇರಿದೆ ಅಂತ ಮಾತ್ರ ಹೇಳುತ್ತೆ, ಬೇಕಾದ ವೇಗ ತಾಳುತ್ತಾ ಅಂತ ಹೇಳಲ್ಲ. ಉದ್ದ, ಸಿಗ್ನಲ್ ನಷ್ಟ, ಜೋಡಿಗಳ ನಡುವಿನ ಅಡಚಣೆ ಎಲ್ಲ ಅಳೆದ ರಿಪೋರ್ಟು ಪ್ರತಿ ಪಾಯಿಂಟಿಗೂ ಬೇಕು. ಇದನ್ನೆಲ್ಲ ಅಳೆಯೋ ಯಂತ್ರ ಬಾಡಿಗೆಗೂ ಸಿಗುತ್ತೆ. ಗೋಡೆಯ ಬಾಕ್ಸ್ ಮೇಲೂ, ಕೇಬಲ್ಲಿನ ಇನ್ನೊಂದು ತುದಿ ಬಂದು ಸೇರೋ ಪ್ಯಾಚ್ ಪ್ಯಾನಲ್ ಮೇಲೂ ಒಂದೇ ನಂಬರ್ ಇರಲಿ, ನಕ್ಷೆಯನ್ನ ರ‍್ಯಾಕ್ ಬಾಗಿಲ ಒಳಗಡೆ ಅಂಟಿಸಿಸಿ. ಜಯನಗರದ ಆ ಆಫೀಸಲ್ಲಿ ನಂಬರೇ ಇರಲಿಲ್ಲ. ಕಂದು ಎಳೆ ಸರಿಮಾಡೋಕೆ 10 ನಿಮಿಷ ಆಯ್ತು, ಆ ಟೇಬಲ್ಲಿನ ಕೇಬಲ್ ಯಾವುದು ಅಂತ ಹುಡುಕೋಕೆ ಒಂದೂವರೆ ಗಂಟೆ.