ನಮ್ಮ ಪಡುವಣಕ್ಕೆ ‘ಮಧ್ಯಪ್ರಾಚ್ಯ’ ಎಂಬ ಹೆಸರು

ವೇದಿಕೆಯ ಮೇಲಿರುವ ಹಿರಿಯರೇ, ಮಿತ್ರರೇ, ವಿದ್ಯಾರ್ಥಿಗಳೇ,

ಭಟ್ಕಳದ ಕಡಲತೀರದಲ್ಲಿ ನಿಂತವರಿಗೆ ಸೌದಿ ಅರೇಬಿಯಾ, ಇರಾಕ್, ಇಸ್ರೇಲ್ ಎಲ್ಲವೂ ಸೂರ್ಯ ಮುಳುಗುವ ಕಡೆಗಿವೆ. ಆದರೂ ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲಿ ಅವು ‘ಮಧ್ಯಪ್ರಾಚ್ಯ’ದ ದೇಶಗಳು. ಪ್ರಾಚ್ಯ ಎಂದರೆ ಮೂಡಣದ್ದು. ನಮ್ಮ ಪಡುವಣದ ನಾಡು ಮೂಡಣದ್ದಾಗಿ ಕಾಣಬೇಕಾದರೆ ನೋಡುವವನು ಅದಕ್ಕೂ ಪಡುವಣದಲ್ಲಿ, ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕುಳಿತಿರಬೇಕು. ಇಷ್ಟನ್ನು ಹೈಸ್ಕೂಲು ಹುಡುಗನೂ ಹೇಳಿಯಾನು. ಇದು ಯುರೋಪಿನವರ ಕಣ್ಣು ಎಂದು ಬೈದು ಕೈತೊಳೆದುಕೊಳ್ಳುವುದೂ ಸುಲಭ. ನಾನು ಇಂದು ಹೇಳಲು ಬಂದಿರುವುದು ಬೇರೆ ಸಂಗತಿ. ಈ ಹೆಸರು ಬಳಕೆಗೆ ಬಂದದ್ದು ಲಂಡನ್ನಿನಲ್ಲಿ, ನಿಜ. ಆದರೆ ಅದನ್ನು ಬಳಕೆಗೆ ತಂದವರ ಕಣ್ಣು ನೆಟ್ಟಿದ್ದು ಭಾರತದ ಮೇಲೆ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ರಾಜತಂತ್ರಜ್ಞರಿಗೆ ‘ಪೂರ್ವ’ ಎಂದರೆ ಮೊದಲಿಗೆ ತುರ್ಕರ ಆಟೊಮನ್ ಸಾಮ್ರಾಜ್ಯ. ದಿನೇ ದಿನೇ ಬಲಗುಂದುತ್ತಿದ್ದ ಆ ಸಾಮ್ರಾಜ್ಯದ ಆಸ್ತಿ ಯಾರ ಪಾಲಾಗಬೇಕು ಎಂಬ ಜಗಳಕ್ಕೆ ಅವರು ‘ಪೂರ್ವದ ಪ್ರಶ್ನೆ’ ಎಂದು ಗಂಭೀರವಾದ ಹೆಸರಿಟ್ಟಿದ್ದರು. 1894-95ರಲ್ಲಿ ಚೀನಾ ಮತ್ತು ಜಪಾನ್ ಯುದ್ಧಕ್ಕಿಳಿದಾಗ ‘ದೂರಪ್ರಾಚ್ಯ’ದ ಸುದ್ದಿ ಪತ್ರಿಕೆಗಳನ್ನು ತುಂಬಿತು. ಒಂದು ದೂರದ್ದಾದ ಮೇಲೆ ಇನ್ನೊಂದು ಹತ್ತಿರದ್ದಾಗಲೇಬೇಕಲ್ಲ. ತುರ್ಕರ ನಾಡು ‘ಸಮೀಪಪ್ರಾಚ್ಯ’ವಾಯಿತು. ನಡುವೆ ಉಳಿದವು ಪರ್ಷಿಯಾ, ಅಂದರೆ ಇಂದಿನ ಇರಾನ್, ಅಫ್ಘಾನಿಸ್ತಾನ ಮತ್ತು ಪರ್ಷಿಯನ್ ಕೊಲ್ಲಿಯ ತೀರ. ರಷ್ಯಾ ದಕ್ಷಿಣಕ್ಕೆ ಒತ್ತಿಕೊಂಡು ಬರುತ್ತಿದ್ದ ಕಾಲವಾದ್ದರಿಂದ ಬ್ರಿಟಿಷರಿಗೆ ನಿದ್ದೆಗೆಡಿಸುತ್ತಿದ್ದದ್ದು ಈ ನಡುವಿನ ಪ್ರದೇಶವೇ.

ಜನರಲ್ ಥಾಮಸ್ ಎಡ್ವರ್ಡ್ ಗಾರ್ಡನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1900ರಲ್ಲಿಯೇ ತನ್ನ ಲೇಖನವೊಂದರ ತಲೆಬರಹದಲ್ಲಿ ‘ಮಧ್ಯಪ್ರಾಚ್ಯ’ ಎಂದು ಬರೆದಿದ್ದ. ಕೀರ್ತಿ ಮಾತ್ರ ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಮಹಾನ್‌ಗೆ ಹೋಯಿತು. ಕಡಲಿನ ಬಲದಿಂದಲೇ ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ ಎಂದು ವಾದಿಸಿ ಹೆಸರಾದ ಆತ 1902ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ನಿಯತಕಾಲಿಕವೊಂದರಲ್ಲಿ ಪರ್ಷಿಯನ್ ಕೊಲ್ಲಿಯ ಬಗ್ಗೆ ಬರೆದ. ತಾನು ಎಲ್ಲಿಯೂ ಕಂಡಿಲ್ಲದ ಪದವನ್ನು ಬಳಸುತ್ತಿದ್ದೇನೆ ಎಂದು ಹೇಳಿಕೊಂಡು, ಮಧ್ಯಪ್ರಾಚ್ಯಕ್ಕೂ ಮುಂದೊಂದು ದಿನ ತನ್ನದೇ ಮಾಲ್ಟಾ, ತನ್ನದೇ ಜಿಬ್ರಾಲ್ಟರ್ ಬೇಕಾಗಬಹುದು ಎಂದ. ಮಾಲ್ಟಾ, ಜಿಬ್ರಾಲ್ಟರ್ ಎರಡೂ ಆಗ ಬ್ರಿಟಿಷರ ನೌಕಾನೆಲೆಗಳು. ಅಂದರೆ ಮಹಾನ್ ಯೋಚಿಸುತ್ತಿದ್ದದ್ದು ಅಲ್ಲಿನ ಜನರ ಬಗ್ಗೆಯಲ್ಲ, ಹಡಗುಗಳ ಲಂಗರಿನ ಬಗ್ಗೆ.

ಆ ಪದವನ್ನು ಎತ್ತಿಕೊಂಡು ಊರೂರಿಗೆ ಸಾರಿದವನು ‘ದಿ ಟೈಮ್ಸ್’ ಪತ್ರಿಕೆಯ ವಿದೇಶ ವಿಭಾಗದ ಮುಖ್ಯಸ್ಥ ವ್ಯಾಲೆಂಟೈನ್ ಚಿರೋಲ್. ಅವನ ಲೇಖನಮಾಲೆ 1903ರಲ್ಲಿ ಪುಸ್ತಕವಾಯಿತು. ಅದರ ಉಪಶೀರ್ಷಿಕೆಯಲ್ಲಿಯೇ ಗುಟ್ಟಿದೆ: ಭಾರತದ ರಕ್ಷಣೆಯ ಕೆಲವು ರಾಜಕೀಯ ಸಮಸ್ಯೆಗಳು. ಭಾರತದ ಗಡಿಗೆ ತಾಗಿದ ಅಥವಾ ಭಾರತಕ್ಕೆ ಬರುವ ದಾರಿಗಳನ್ನು ಹಿಡಿತದಲ್ಲಿ ಇಟ್ಟುಕೊಂಡ ಏಷ್ಯಾದ ಪ್ರದೇಶಗಳೆಲ್ಲ ಅವನಿಗೆ ಮಧ್ಯಪ್ರಾಚ್ಯವೇ. ಹಾಗಾಗಿ ಟಿಬೆಟ್ ಕೂಡ ಅದರೊಳಗಿತ್ತು! ಇಂದು ಲಾಸಾವನ್ನು ಮಧ್ಯಪ್ರಾಚ್ಯದ ಊರು ಎಂದರೆ ನಕ್ಕುಬಿಡುತ್ತೀರಿ. ಆದರೆ ಚಿರೋಲ್‌ನ ತರ್ಕದಲ್ಲಿ ತಪ್ಪಿಲ್ಲ. ಅವನು ಎಳೆದದ್ದು ಭೂಗೋಳದ ಗೆರೆಯಲ್ಲ, ತೋಟಕ್ಕೆ ಹಾಕುವ ಬೇಲಿ, ತೋಟ ನಾವು.

ಈ ಬೇಲಿಯ ಬಹುಭಾಗವನ್ನು ಕಾಯುತ್ತಿದ್ದದ್ದೂ ಭಾರತದಿಂದಲೇ. ಇಂದು ಯಮನ್ ದೇಶದಲ್ಲಿರುವ ಏಡನ್ ಬಂದರು 1839ರಿಂದ ಹತ್ತಿರ ಹತ್ತಿರ ಒಂದು ಶತಮಾನ ಕಾಲ ಮುಂಬಯಿಯೊಂದಿಗೆ, ಭಾರತ ಸರ್ಕಾರದೊಂದಿಗೆ ಅಂಟಿಕೊಂಡಿತ್ತು. 1937ರಲ್ಲಷ್ಟೇ ಬೇರೆ ವಸಾಹತಾಯಿತು. ಕೊಲ್ಲಿಯ ಅರಬ್ ಶೇಖ್‌ಗಳ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್, ಪರ್ಷಿಯಾದ ಬುಶೆಹರ್‌ನಲ್ಲಿ ಕುಳಿತು ಭಾರತ ಸರ್ಕಾರಕ್ಕೆ ವರದಿ ಬರೆಯುತ್ತಿದ್ದ. ಕೊಲ್ಲಿಯ ಅಂಗಡಿಗಳಲ್ಲಿ ಓಡಾಡುತ್ತಿದ್ದದ್ದು ನಮ್ಮ ರೂಪಾಯಿ. ಸ್ವಾತಂತ್ರ್ಯ ಬಂದ ಮೇಲೂ ಅದು ನಿಲ್ಲಲಿಲ್ಲ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿ ರೂಪಾಯಿ ಬಿಟ್ಟಿತು, ಒಮಾನ್ ಬಿಡುವ ಹೊತ್ತಿಗೆ 1970 ಆಗಿತ್ತು. ದುಡಿಯಲು ಹೋದ ಕರಾವಳಿಯ ಹುಡುಗರು ದಿರ್ಹಾಮು, ರಿಯಾಲುಗಳನ್ನು ಮನೆಗೆ ಕಳಿಸುವುದಕ್ಕೆ ಮೊದಲು ಅಲ್ಲಿಯೇ ನಮ್ಮ ನಾಣ್ಯವಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಹೆಸರು ಊರುಗಳನ್ನು ಹೇಗೆ ಅತ್ತಿಂದಿತ್ತ ಸಾಗಿಸಿತು ಎಂಬುದಕ್ಕೆ ಇಂದು ಇಸ್ರೇಲಿನಲ್ಲಿರುವ ಹೈಫಾವನ್ನು ನೋಡೋಣ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಗಳನ್ನೋಡಿಸಿ ಆ ಬಂದರನ್ನು ಗೆದ್ದಿತು. ಗೆದ್ದದ್ದು ತುರ್ಕರ ಊರನ್ನು, ಆದ್ದರಿಂದ ಹಳೆಯ ಲೆಕ್ಕದಲ್ಲಿ ಅದು ಸಮೀಪಪ್ರಾಚ್ಯ. 1920ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸ್ಥಳನಾಮ ಆಯೋಗ ಹೊಸ ತೀರ್ಮಾನ ಕೊಟ್ಟಿತು: ಸಮೀಪಪ್ರಾಚ್ಯವೆಂದರೆ ಆಗ್ನೇಯ ಯುರೋಪಿನ ಬಾಲ್ಕನ್ ಮಾತ್ರ, ಇಸ್ತಾಂಬುಲ್ಲಿನ ಬಾಸ್ಫರಸ್ ಜಲಸಂಧಿಯಿಂದ ಭಾರತದ ಪೂರ್ವ ಗಡಿಯವರೆಗೆ ಮಧ್ಯಪ್ರಾಚ್ಯ. ಕಾಗದದ ಮೇಲಾದರೂ ಒಮ್ಮೆ ಮೈಸೂರು ಮತ್ತು ಹೈಫಾ ಎರಡೂ ಮಧ್ಯಪ್ರಾಚ್ಯದಲ್ಲಿದ್ದವು. 1921ರಲ್ಲಿ ವಸಾಹತು ಮಂತ್ರಿಯಾಗಿದ್ದ ಚರ್ಚಿಲ್ ಪ್ಯಾಲೆಸ್ಟೈನ್, ಟ್ರಾನ್ಸ್‌ಜೋರ್ಡಾನ್ ಮತ್ತು ಇರಾಕನ್ನು ನೋಡಿಕೊಳ್ಳಲು ಮಧ್ಯಪ್ರಾಚ್ಯ ವಿಭಾಗವನ್ನು ತೆರೆದ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಮಧ್ಯಪ್ರಾಚ್ಯ ಸೇನಾ ಕಮಾಂಡ್ ಕೈರೋದಲ್ಲಿ ನೆಲೆಯೂರಿತು. ಅಲ್ಲಿಂದ ಬರುವ ಯುದ್ಧದ ಸುದ್ದಿಯನ್ನು ದಿನವೂ ಓದಿದವರ ಮನಸ್ಸಿನಲ್ಲಿ ಈಜಿಪ್ಟೇ ಆ ಪ್ರದೇಶದ ನಡುಮನೆಯಾಯಿತು. ಪರ್ಷಿಯಾದ ಸುತ್ತ ಹುಟ್ಟಿದ ಹೆಸರು ಆಫ್ರಿಕಾ ಖಂಡಕ್ಕೆ ಜಾರಿದ್ದು ಹೀಗೆ, ಸೇನೆಯ ಕಚೇರಿಯ ವಿಳಾಸದಿಂದ.

1947ರ ನಂತರ ಕಾಯಬೇಕಾದ ಭಾರತವೇ ಬ್ರಿಟಿಷರ ಕೈಯಲ್ಲಿರಲಿಲ್ಲ. ಹೆಸರು ಮಾತ್ರ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಎಣ್ಣೆ ಸಿಕ್ಕಿತ್ತು. 1957ರಲ್ಲಿ ಅಮೆರಿಕದ ವಿದೇಶ ಕಾರ್ಯದರ್ಶಿ ಡಲೆಸ್ ಕೊಟ್ಟ ವಿವರಣೆಯಲ್ಲಿ ಪಶ್ಚಿಮಕ್ಕೆ ಲಿಬಿಯಾ, ಪೂರ್ವಕ್ಕೆ ಪಾಕಿಸ್ತಾನ, ಜೊತೆಗೆ ಸುಡಾನ್, ಇಥಿಯೋಪಿಯಾ ಎಲ್ಲವೂ ಇದ್ದವು. ಮರುವರ್ಷ ಅದೇ ಇಲಾಖೆ ಪಟ್ಟಿಯನ್ನು ಬಹಳಷ್ಟು ಕುಗ್ಗಿಸಿತು.

ಅಲ್ಲಿನವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಅರಬ್ಬರಿಗೆ ಸೂರ್ಯ ಹುಟ್ಟುವ ಕಡೆಯ ನಾಡು ಮಶ್ರಿಕ್, ಮುಳುಗುವ ಕಡೆಯದು ಮಗ್ರಿಬ್. ಮೂಡಣಕ್ಕೆ ಮುಖಮಾಡಿ ನಿಂತರೆ ಎಡಗಡೆ ಶಾಮ್, ಅಂದರೆ ಸಿರಿಯಾ, ಬಲಗಡೆ ಯಮನ್. ನಾವು ಬಲಗೈಯ ದಿಕ್ಕನ್ನು ದಕ್ಷಿಣ ಎಂದದ್ದೂ ಹೀಗೆಯೇ ನಿಂತು. ಆದರೂ ಇಂದು ಅರಬ್ಬರು ನಿಸ್ಸಂಕೋಚವಾಗಿ ‘ಅಶ್ಶರ್ಕ್ ಅಲ್ ಔಸತ್’ ಎನ್ನುತ್ತಾರೆ, ಅದೇ ಮಧ್ಯಪ್ರಾಚ್ಯ. ಆ ಹೆಸರಿನ ಅರಬಿ ದಿನಪತ್ರಿಕೆ 1978ರಲ್ಲಿ ಹುಟ್ಟಿದ್ದು ಎಲ್ಲಿ ಅಂದುಕೊಂಡಿರಿ? ಲಂಡನ್ನಿನಲ್ಲಿ.

ಎಲ್ಲರೂ ಹೀಗೆ ಒಪ್ಪಿಕೊಂಡು ಸುಮ್ಮನಿರಲಿಲ್ಲ. ಆಸ್ಟ್ರೇಲಿಯಾದ ಪ್ರಧಾನಿ ಮೆಂಜಿಸ್ 1939ರಲ್ಲಿ, ಬ್ರಿಟನ್ ದೂರಪ್ರಾಚ್ಯ ಎನ್ನುವುದು ನಮಗೆ ಹತ್ತಿರದ ಉತ್ತರ ಎಂದು ಹೇಳಿದ್ದರು. ನಮ್ಮ ವಿದೇಶಾಂಗ ಸಚಿವಾಲಯವೂ ‘ಪಶ್ಚಿಮ ಏಷ್ಯಾ’ ಎಂಬುದನ್ನೇ ಹಿಡಿದುಕೊಂಡಿದೆ. ನನಗೂ ಅದೇ ಮೇಲು. ಹಾಗೆಂದು ಅದು ಅಪ್ಪಟ ಚಿನ್ನವೇನೂ ಅಲ್ಲ. ಈಜಿಪ್ಟ್ ಅದರೊಳಗೆ ಹಿಡಿಸುವುದಿಲ್ಲ, ಆದ್ದರಿಂದ ಸಚಿವಾಲಯ ‘ಉತ್ತರ ಆಫ್ರಿಕಾ’ ಎಂಬ ಬಾಲವನ್ನು ಜೋಡಿಸಿದೆ. ಬೈರೂತ್‌ನಲ್ಲಿರುವ ವಿಶ್ವಸಂಸ್ಥೆಯ ಪಶ್ಚಿಮ ಏಷ್ಯಾ ಆಯೋಗದಲ್ಲಿ ಮೊರಾಕ್ಕೊ ಸದಸ್ಯ ದೇಶ, ಇರಾನ್ ಅಲ್ಲ. ಇದಕ್ಕಿಂತ ಮಂಗಳೂರು, ಉಡುಪಿಯ ಜನರ ‘ಗಲ್ಫ್’ ಎಷ್ಟೋ ಪಾಲು ಖಚಿತ. ಮಗ ಮಧ್ಯಪ್ರಾಚ್ಯದಲ್ಲಿದ್ದಾನೆ ಎಂದು ಅಲ್ಲಿ ಯಾವ ತಾಯಿಯೂ ಹೇಳುವುದಿಲ್ಲ. ಕೊಲ್ಲಿ ಪರ್ಷಿಯನ್ನೋ ಅರೇಬಿಯನ್ನೋ ಎಂದು ಎರಡು ದಡದವರು ಕಾದಾಡುತ್ತಿರುವಾಗ, ಬರೀ ‘ಗಲ್ಫ್’ ಎಂದು ಆ ಜಗಳದಿಂದಲೂ ಪಾರಾಗಿದ್ದಾರೆ.

ಗೆರೆ ಎಳೆಯುವ ಕೆಲಸ ಇನ್ನೂ ಸೇನಾ ಕಚೇರಿಗಳಲ್ಲಿಯೇ ನಡೆದಿದೆ. 1983ರಲ್ಲಿ ಅಮೆರಿಕ ಈ ಪ್ರದೇಶಕ್ಕೆಂದು ‘ಸೆಂಟ್ರಲ್ ಕಮಾಂಡ್’ ಸ್ಥಾಪಿಸಿದಾಗ ಇಸ್ರೇಲನ್ನು ಅದರಿಂದ ಹೊರಗಿಟ್ಟು ಯುರೋಪಿನ ಕಮಾಂಡಿನಲ್ಲಿಯೇ ಬಿಟ್ಟಿತು. 2021ರಲ್ಲಿ ಒಳಗೆ ತಂದಿತು. ಆಫ್ರಿಕಾಕ್ಕೆ ಬೇರೆ ಕಮಾಂಡ್ ಆದಾಗಲೂ ಈಜಿಪ್ಟ್ ಸೆಂಟ್ರಲ್‌ನಲ್ಲಿಯೇ ಉಳಿಯಿತು. ಪಾಕಿಸ್ತಾನ ಸೆಂಟ್ರಲ್‌ಗೆ ಸೇರಿದರೆ ಭಾರತ ಪೆಸಿಫಿಕ್ ಕಮಾಂಡಿನ ಪಾಲಿಗೆ. 2018ರಲ್ಲಿ ಆ ಕಮಾಂಡಿನ ಹೆಸರು ಇಂಡೋ-ಪೆಸಿಫಿಕ್ ಆಯಿತು. ಚಿರೋಲ್‌ನಿಗೆ ನಡುವಿನಲ್ಲಿದ್ದ ನಾವು ಇವರ ನಕ್ಷೆಯಲ್ಲಿ ಅಂಚಿನವರು. ಎರಡು ಕಮಾಂಡ್‌ಗಳ ನಡುವಿನ ಗೆರೆ ವಾಘಾದ ಗೇಟಿನ ಮೇಲೆಯೇ ಹಾದುಹೋಗುತ್ತದೆ.