ಹಿಜ್ಕೀಯನ ಸುರಂಗ, ಲೋವಿಯ ನಂಬಿಕೆ

ಕೇಳುಗರೇ, ನಮಸ್ಕಾರ.

ಯೆರೂಸಲೇಮಿನಲ್ಲಿ ನೆಲದಡಿ ಒಂದು ಸುರಂಗ ಇದೆ. ಬಂಡೆ ಕೊರೆದು ಮಾಡಿದ್ದು, ಉದ್ದ ಸುಮಾರು 533 ಮೀಟರ್. ಶತ್ರುಗಳು ಮುತ್ತಿಗೆ ಹಾಕಿದರೂ ಊರೊಳಗೆ ನೀರು ಸಿಗಬೇಕು ಅಂತ ಯೆಹೂದ ರಾಜ್ಯದ ಹಿಜ್ಕೀಯ ಅರಸ ಅದನ್ನು ಮಾಡಿಸಿದ ಅಂತ ಹೇಳುತ್ತಾರೆ. ಸುಮಾರು 2700 ವರ್ಷ ಆಯಿತು. ಈಗಲೂ ಅದರಲ್ಲಿ ನೀರು ಹರಿಯುತ್ತದೆ.

ಹಿಜ್ಕೀಯ ಒಳ್ಳೆಯ ಅರಸ. ಮುಚ್ಚಿಹೋಗಿದ್ದ ದೇವಾಲಯದ ಬಾಗಿಲು ತೆರೆಸಿದ. ಸಾಯುವ ಕಾಯಿಲೆ ಬಂದಾಗ ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸಿದ. ದೇವರು ಅವನಿಗೆ ಇನ್ನೂ 15 ವರ್ಷ ಆಯಸ್ಸು ಕೊಟ್ಟರು. ಆಮೇಲೆ ಬಾಬೆಲ್ ರಾಜ್ಯದಿಂದ ದೂತರು ಬಂದರು. ಅರಸ ಅವರಿಗೆ ತನ್ನ ಬೆಳ್ಳಿ, ಬಂಗಾರ, ಆಯುಧ ಎಲ್ಲ ತೋರಿಸಿದ. ಒಂದು ದಿನ ಇದೆಲ್ಲ ಬಾಬೆಲಿನ ಪಾಲಾಗುತ್ತದೆ, ನಿನ್ನ ವಂಶದ ಗಂಡುಮಕ್ಕಳನ್ನೂ ಒಯ್ಯುತ್ತಾರೆ ಅಂದ ಪ್ರವಾದಿ ಯೆಶಾಯ. ಆಗ ಹಿಜ್ಕೀಯ ಏನು ಅಂದುಕೊಂಡ ಗೊತ್ತಾ? ಹೇಗೂ ನನ್ನ ಕಾಲದಲ್ಲಿ ಸಮಾಧಾನ ಇರುತ್ತದಲ್ಲ, ಅಷ್ಟು ಸಾಕು.

ತನ್ನ ಜೀವಕ್ಕಾಗಿ ಅಷ್ಟು ಅತ್ತವನು ಮಕ್ಕಳಿಗಾಗಿ ಅತ್ತ ಅಂತ ಬೈಬಲಿನಲ್ಲಿ ಒಂದು ಮಾತೂ ಇಲ್ಲ.

ಅವನ ನಂತರ ಮಗ ಮನಸ್ಸೆ ಪಟ್ಟಕ್ಕೆ ಬಂದ. ಆಗ ಅವನಿಗೆ ಬರೀ 12 ವರ್ಷ. ಅಪ್ಪ ಕೆಡವಿಸಿದ ವಿಗ್ರಹಾರಾಧನೆಯ ಪೂಜಾಸ್ಥಳಗಳನ್ನೆಲ್ಲ ಮತ್ತೆ ಕಟ್ಟಿಸಿದ. ಆಳಿದ್ದು 55 ವರ್ಷ. ಅಪ್ಪನ ಸುರಂಗ ಉಳಿಯಿತು, ಅಪ್ಪನ ನಂಬಿಕೆ ಮಗನ ಮನೆ ಬಾಗಿಲಿಗೇ ನಿಂತುಹೋಯಿತು.

ಈಗ ಇನ್ನೊಂದು ಮನೆ ನೋಡೋಣ. ಲುಸ್ತ್ರ ಊರಿನ ತಿಮೊಥೆಯನ ಮನೆ, ಅಪೊಸ್ತಲ ಪೌಲನ ಶಿಷ್ಯ ಅವನು. ತಂದೆ ಗ್ರೀಕನು, ತಾಯಿ ಯೂನಿಕೆ ಯೆಹೂದ್ಯಳು, ಅಜ್ಜಿ ಲೋವಿ. ಈ ಅಜ್ಜಿಯ ಹೆಸರು ಇಡೀ ಬೈಬಲಿನಲ್ಲಿ ಬರುವುದು ಒಂದೇ ಸಲ. ಏನೂ ಕಟ್ಟಿಸಿದವಳಲ್ಲ, ಯಾವ ಪವಾಡವೂ ಅವಳ ಹೆಸರಲ್ಲಿಲ್ಲ. ಆದರೆ ಪೌಲ ಸೆರೆಯಲ್ಲಿ ಕೂತು ತಿಮೊಥೆಯನಿಗೆ ಪತ್ರ ಬರೆಯುವಾಗ ಅವಳನ್ನು ನೆನೆಯುತ್ತಾನೆ. ನಿನ್ನಲ್ಲಿರುವ ನಿಜವಾದ ನಂಬಿಕೆ ಮೊದಲು ನಿನ್ನ ಅಜ್ಜಿಯಲ್ಲಿತ್ತು, ಆಮೇಲೆ ನಿನ್ನ ತಾಯಿಯಲ್ಲಿತ್ತು ಅನ್ನುತ್ತಾನೆ. ಚಿಕ್ಕಂದಿನಿಂದಲೇ ನಿನಗೆ ಪವಿತ್ರ ಗ್ರಂಥಗಳು ಗೊತ್ತಲ್ಲ ಅಂತಲೂ ನೆನಪಿಸುತ್ತಾನೆ.

ನಿಜವಾದ ನಂಬಿಕೆ ಅಂದದ್ದು ಗಮನಿಸಿ. ಮನೆಯೊಳಗೆ ಸೋಗು ನಡೆಯುವುದಿಲ್ಲ. ಸಭೆಯಲ್ಲಿ ನಾವು ಕಣ್ಣೀರಿಟ್ಟು ಪ್ರಾರ್ಥಿಸಬಹುದು. ವಾಪಸ್ ಬಂದು ಊಟಕ್ಕೆ ಕೂತಾಗ ಅದೇ ಬಾಯಲ್ಲಿ ಸಭಾಪಾಲಕರನ್ನು ಆಡಿಕೊಂಡರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಯಾವುದು? ನನಗಂತೂ ಅನುಮಾನ ಇಲ್ಲ. ಅವರು ನೋಡುತ್ತಿರುತ್ತಾರೆ. ಕೆಲಸ ಹೋದ ದಿನ ಅಪ್ಪ ಯಾರ ಮೇಲೆ ಕೂಗಾಡಿದ, ತಪ್ಪು ತನ್ನದೇ ಅಂತ ಗೊತ್ತಾದಾಗ ಅಮ್ಮ ಮಗಳ ಹತ್ತಿರ ಬಂದು ಕ್ಷಮೆ ಕೇಳಿದಳಾ ಇಲ್ಲವಾ, ಇದನ್ನೆಲ್ಲ. ಕಂಠಪಾಠ ಮಾಡಿಸಿದ ವಚನಕ್ಕಿಂತ ಇದು ಜಾಸ್ತಿ ದಿನ ಉಳಿಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕೆಲವು ತಂದೆ ತಾಯಂದಿರು ಎಲ್ಲ ಸರಿಯಾಗಿ ಮಾಡಿದ್ದಾರೆ, ಆದರೂ ಮಕ್ಕಳು ದೂರ ಹೋಗಿದ್ದಾರೆ. ಅವರ ಮೇಲೆ ಸುಮ್ನೆ ಭಾರ ಹೊರಿಸುವುದು ಬೇಡ. ನಂಬಿಕೆ ಆಸ್ತಿಯ ಹಾಗೆ ತಾನಾಗಿ ಮಕ್ಕಳ ಹೆಸರಿಗೆ ಬರುವುದಿಲ್ಲ. ಅಲ್ಲದೆ ಮನಸ್ಸೆಯ ಕತೆಯೂ ಅಲ್ಲಿಗೇ ಮುಗಿಯಲಿಲ್ಲ. ಬಾಬೆಲಿನಲ್ಲಿ ಸೆರೆಯಾಗಿದ್ದಾಗ ಅವನು ತಗ್ಗಿಸಿಕೊಂಡು ದೇವರಿಗೆ ಮೊರೆಯಿಟ್ಟ ಅಂತ ಎರಡನೆಯ ಪೂರ್ವಕಾಲವೃತ್ತಾಂತದಲ್ಲಿ ಇದೆ. ಅಪ್ಪ ಅದನ್ನು ನೋಡಲು ಇರಲಿಲ್ಲ, ಅಷ್ಟೆ.

ಇನ್ನು ಮಕ್ಕಳಿಲ್ಲದವರು? ಪೌಲನಿಗೂ ಹೆಂಡತಿ ಮಕ್ಕಳಿರಲಿಲ್ಲ. ಆದರೂ ತಿಮೊಥೆಯನನ್ನು ಮಗನೇ ಅಂತ ಕರೆದ. ಬರೀ ಕರೆಯಲಿಲ್ಲ, ಜೊತೆಗೆ ಕರೆದುಕೊಂಡು ತಿರುಗಿದ. ಕೊರಿಂಥದಲ್ಲಿ ಜಗಳ ಎದ್ದಾಗ, ಥೆಸಲೋನಿಕದವರು ಕಷ್ಟದಲ್ಲಿದ್ದಾಗ ತನ್ನ ಬದಲಿಗೆ ಈ ಹುಡುಗನನ್ನೇ ಕಳಿಸಿದ. ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಬೇರೆಯವರಿಗೆ ಕಲಿಸಲಿ ಅಂತ ಬರೆದ.

ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಎಡವುವುದು ಇಲ್ಲೇ. ಸಂಡೇ ಸ್ಕೂಲ್ ನಡೆಸುವವರು ಕೊನೆಯವರೆಗೂ ತಾವೇ ನಡೆಸುತ್ತಾರೆ. ಪ್ರಾರ್ಥನಾ ಕೂಟದಲ್ಲಿ ಅದೇ ಹಿರಿಯರು ಪ್ರಾರ್ಥಿಸುತ್ತಾರೆ, ಚಿಕ್ಕವರು ಆಮೆನ್ ಅನ್ನುತ್ತಾರೆ. ಹಿರಿಯರು ಹೋದ ಮೇಲೆ ಅವರ ಹೆಸರಿನ ಕಲ್ಲು ಹಾಕಿಸುತ್ತೇವೆ, ಪಾಠ ಹೇಳಲು ಮಾತ್ರ ಯಾರೂ ಇರುವುದಿಲ್ಲ.

ನಿಮ್ಮ ಕೈಯಲ್ಲಿರುವ ಒಂದು ಕೆಲಸವನ್ನು ಈ ವಾರ ಕಿರಿಯರೊಬ್ಬರಿಗೆ ಕೊಡಿ. ಪಾಠವೋ, ರೋಗಿಯ ಭೇಟಿಯೋ, ಮನೆಯ ಸಂಜೆ ಪ್ರಾರ್ಥನೆಯೋ, ಯಾವುದಾದರೂ ಸರಿ. ಮೊದಮೊದಲು ತಡವರಿಸುತ್ತಾರೆ. ನಡುವೆ ಬಾಯಿ ಹಾಕಬೇಡಿ, ಪಕ್ಕದಲ್ಲಿ ಕೂತಿರಿ.