ಅವರ ಮಾತನ್ನು ನೀವು ಮುಗಿಸಬೇಡಿ

ಕೇಳುಗರಿಗೆ ನಮಸ್ಕಾರ.

ಉಗ್ಗು ಅಂದ ಕೂಡಲೇ ನಮಗೆ ಮಕ್ಕಳು ನೆನಪಾಗುತ್ತಾರೆ, ಅಲ್ವಾ? ಇವತ್ತು ನಾನು ದೊಡ್ಡವರ ಉಗ್ಗಿನ ಬಗ್ಗೆ ಹೇಳುತ್ತೇನೆ. ದೊಡ್ಡವರಲ್ಲಿ ಹೆಚ್ಚುಕಡಿಮೆ 100ಕ್ಕೆ ಒಬ್ಬರು ಉಗ್ಗುತ್ತಾರೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಜಾಸ್ತಿ. ನಿಮ್ಮ ಆಫೀಸಿನಲ್ಲಿ, ನಿಮ್ಮ ಬೀದಿಯಲ್ಲಿ ಒಬ್ಬರಿರಬಹುದು.

ಮೈಸೂರಿನವರೊಬ್ಬರು ನನ್ನ ಹತ್ತಿರ ಬಂದಿದ್ದರು. ಮನೆ ಪಡುವಾರಹಳ್ಳಿಯಲ್ಲಿ. ಅವರಿಗೆ 'ಪ' ಅಕ್ಷರವೇ ಕಷ್ಟ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ 'ಎಲ್ಲಿಗೆ?' ಅಂದರೆ ಸಾಕು, ಎರಡೂ ತುಟಿ ಅಂಟಿಕೊಂಡುಬಿಡುತ್ತಿದ್ದವು. ಉಸಿರು ಅಲ್ಲೇ ನಿಲ್ಲುತ್ತಿತ್ತು. ಕತ್ತಿನ ನರ ಉಬ್ಬಿ, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹಿಂದಿನಿಂದ ಯಾರೋ 'ಬೇಗ ಹೇಳ್ರೀ' ಅನ್ನುತ್ತಿದ್ದರು. ಕೊನೆಗೆ ಇವರು ಒಂದು ದಾರಿ ಕಂಡುಕೊಂಡರು. 'ಒಂಟಿಕೊಪ್ಪಲು' ಅಂತ ಟಿಕೆಟ್ ತಗೊಂಡು, ಅಲ್ಲಿಳಿದು ಮನೆಗೆ ನಡೆದು ಹೋಗುವುದು. ಮಳೆ ಬಂದರೂ ಅಷ್ಟೇ. ಹನ್ನೊಂದು ವರ್ಷ! ಹೆಂಡತಿ ಇದನ್ನು ವಾಕಿಂಗ್ ಅಂದುಕೊಂಡಿದ್ದರಂತೆ. ಹೋಟೆಲಿಗೆ ಪೂರಿ ತಿನ್ನುವ ಆಸೆಯಿಂದ ಹೋಗಿ, ಇಡ್ಲಿ ತಿಂದು ಎದ್ದು ಬರುತ್ತಿದ್ದರು. ಅವರು ಉಗ್ಗಿದ್ದನ್ನು ಕೇಳಿದವರೇ ಕಡಿಮೆ. ದೊಡ್ಡವರ ಉಗ್ಗು ಹಾಗೇ. ನಮ್ಮ ಕಿವಿಗೆ ಬೀಳುವುದು ಸ್ವಲ್ಪ, ಅವರು ಬಚ್ಚಿಟ್ಟುಕೊಂಡಿರುವುದೇ ಜಾಸ್ತಿ.

ಇದು ಅಂಜುಬುರುಕತನ ಅಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಚ್ಚಿನವರಿಗೆ 2ರಿಂದ 5 ವರ್ಷದೊಳಗೆ ಶುರುವಾಗಿರುತ್ತದೆ. ಮಿದುಳು ಮಾತನ್ನು ಹೊಂದಿಸುವ ಬಗೆಯಲ್ಲಿ ವ್ಯತ್ಯಾಸವಿರುತ್ತದೆ. ಕೆಲವು ಮನೆತನಗಳಲ್ಲಿ ತಲೆತಲಾಂತರದಿಂದ ಬರುತ್ತದೆ. ಹೆದರಿಕೆ ಸೇರಿಕೊಳ್ಳುವುದು ಆಮೇಲೆ, ನಮ್ಮಂಥವರ ಅವಸರದಿಂದ. ನಾಲಿಗೆ ದಪ್ಪ ಅನ್ನುವುದನ್ನು, ಬಜೆ ತಿಕ್ಕುವುದನ್ನು ದಯವಿಟ್ಟು ಬಿಡಿ. ಅದೇ ನಾಲಿಗೆ ಹಾಡುವಾಗ ಎಲ್ಲೂ ತಡೆಯುವುದಿಲ್ಲವಲ್ಲ!

ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ. ಕಾಯಿರಿ. ಪದ ನಿಮಗೆ ಗೊತ್ತಿದ್ದರೂ ನೀವು ಮುಗಿಸಬೇಡಿ. 'ನಿಧಾನ, ಉಸಿರು ತಗೋ' ಅಂತಲೂ ಹೇಳಬೇಡಿ. ಮುಖ ನೋಡುತ್ತಾ ಸುಮ್ನೆ ಕಾಯಿರಿ.

ಸಮಯ ಕಡಿಮೆ ಇದೆ, ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಕೆಲವರು ಗಡಿಬಿಡಿಯಲ್ಲಿ ಅಕ್ಷರ ನುಂಗಿ ಮಾತಾಡುತ್ತಾರೆ. ಅದು ಉಗ್ಗಲ್ಲ, ಬೇರೆ ತೊಂದರೆ. ಇನ್ನು, ದೊಡ್ಡ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮಾತು ತಡವರಿಸಿದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಹಳೆಯ ಉಗ್ಗಿಗೆ ಯಾವ ವಯಸ್ಸಿನಲ್ಲಾದರೂ ನೆರವು ಪಡೆಯಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಮೊದಲ ಅಕ್ಷರವನ್ನು ಮೆತ್ತಗೆ ಶುರು ಮಾಡುವುದನ್ನು, ಸಿಕ್ಕಿಕೊಂಡಾಗ ಬಿಗಿ ಸಡಿಲಿಸುವುದನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಉಗ್ಗು ಪೂರ್ತಿ ಹೋಗದಿರಬಹುದು, ಆದರೆ ಅದನ್ನು ಬಚ್ಚಿಡುವ ಪಾಡು ತಪ್ಪುತ್ತದೆ.

ಆ ಪಡುವಾರಹಳ್ಳಿಯವರು ಮೊನ್ನೆ ಫೋನ್ ಮಾಡಿದ್ದರು. ಹೋಟೆಲಿನಲ್ಲಿ ಪೂರಿ ತಿಂದರಂತೆ. ನನಗೆ ಹೇಳುವಾಗಲೂ ಆ 'ಪೂ' ಹೊರಗೆ ಬರಲು ಸುಮಾರು ಹೊತ್ತು ಹಿಡಿಯಿತು. ನಾನು ಫೋನ್ ಹಿಡಿದು ಕೂತಿದ್ದೆ.

ನಮಸ್ಕಾರ.